ಫೋರ್ಬ್ಸ್ ಮನೆತನದ ಪತ್ರಿಕೆ ಕೈ ಬದಲಾದ ಕತೆ

ಜಗತ್ತಿನ ಅತಿ ಶ್ರೀಮಂತ ಯಾರು ಅನ್ನೋ ಸುದ್ದಿ ಬಂದಾಗಲೆಲ್ಲ ಫೋರ್ಬ್ಸ್ ಹೆಸರು ಜೊತೆಗೇ ಬರುತ್ತದೆ, ಅಲ್ವಾ? ಅದು ಅಮೆರಿಕದ ಒಂದು ವ್ಯಾಪಾರ ಪತ್ರಿಕೆ, ಅದಕ್ಕಿರುವುದು ಒಬ್ಬ ಪತ್ರಕರ್ತನ ಮನೆತನದ ಹೆಸರು.

ಬರ್ಟಿ ಚಾರ್ಲ್ಸ್ ಫೋರ್ಬ್ಸ್ ಸ್ಕಾಟ್ಲೆಂಡಿನ ಹಳ್ಳಿಯವರು. ದಕ್ಷಿಣ ಆಫ್ರಿಕಾದಲ್ಲಿ ಪತ್ರಿಕೆ ಕೆಲಸ ಮಾಡಿ, 1904ರಲ್ಲಿ ನ್ಯೂಯಾರ್ಕಿಗೆ ಬಂದರು. 1917ರ ಸೆಪ್ಟೆಂಬರಿನಲ್ಲಿ ವಾಲ್ಟರ್ ಡ್ರೇ ಜೊತೆ ಸೇರಿ ಈ ಪತ್ರಿಕೆ ಶುರು ಮಾಡಿದರು. ಬರೀ ಲೆಕ್ಕಪತ್ರ ಅಲ್ಲ, ಆ ಲೆಕ್ಕದ ಹಿಂದಿರುವ ಮನುಷ್ಯರ ಬಗ್ಗೆ ಬರೆಯಬೇಕು ಅನ್ನೋದು ಅವರ ಹಟ. 1929ರಲ್ಲಿ ಷೇರುಪೇಟೆ ಕುಸಿಯಿತು, ಜಾಹೀರಾತು ಬತ್ತಿತು. ಆಗ ಹರ್ಸ್ಟ್ ಎಂಬ ಬೇರೆ ಸಂಸ್ಥೆಯ ಪತ್ರಿಕೆಗಳಿಗೆ ಅಂಕಣ ಬರೆದು ಬಂದ ದುಡ್ಡನ್ನೂ ಇದಕ್ಕೇ ಸುರಿದರು.

1954ರಲ್ಲಿ ಅವರು ತೀರಿಕೊಂಡ ಮೇಲೆ ಮಕ್ಕಳಾದ ಬ್ರೂಸ್ ಮತ್ತು ಮಾಲ್ಕಮ್ ನಡೆಸಿದರು. 1964ರಲ್ಲಿ ಬ್ರೂಸ್ ತೀರಿಕೊಂಡರು. ಮುಂದೆ ಎಲ್ಲವೂ ಮಾಲ್ಕಮ್ ಕೈಯಲ್ಲಿ. ಬಿಸಿಗಾಳಿ ಬಲೂನು, ಮೋಟಾರ್‌ಸೈಕಲ್, ರಷ್ಯಾದ ಚಕ್ರವರ್ತಿಗಳಿಗಾಗಿ ಚಿನ್ನ, ರತ್ನಗಳಲ್ಲಿ ಮಾಡಿದ ಫ್ಯಾಬರ್ಜೆ ಮೊಟ್ಟೆಗಳ ಸಂಗ್ರಹ ಅಂತ ಅವರ ಬದುಕೇ ಪತ್ರಿಕೆಗೆ ಜಾಹೀರಾತಾಯಿತು.

ಆದರೆ ನನಗೆ ಅವರ ನಿಜವಾದ ಸಾಧನೆ ಅನ್ನಿಸುವುದು 1982ರಲ್ಲಿ ಬಂದ 400 ಶ್ರೀಮಂತ ಅಮೆರಿಕನ್ನರ ಪಟ್ಟಿ. ಅದರೊಳಗೆ ಸೇರಲು ಕನಿಷ್ಠ 7.5 ಕೋಟಿ ಡಾಲರ್ ಆಸ್ತಿ ಬೇಕಿತ್ತು. ಸುಮ್ನೆ ಅಂದಾಜಲ್ಲ, ವರದಿಗಾರರು ಷೇರು, ಜಮೀನು, ಮನೆ, ಕಂಪನಿಯ ಪಾಲು ಎಲ್ಲ ಲೆಕ್ಕ ಹಾಕಿ, ಸಾಲ ಕಳೆದು ಮೊತ್ತ ಬರೆಯಬೇಕು. ಮುಚ್ಚಿಡುವವರೂ ಇದ್ದರು, ಜಾಸ್ತಿ ಹೇಳಿಕೊಳ್ಳುವವರೂ ಇದ್ದರು, ಹಾಗಾಗಿ ಇದು ತುಂಬ ಕಷ್ಟದ ವರದಿಗಾರಿಕೆ. 1987ರಿಂದ ಇಡೀ ಜಗತ್ತಿನ ಶತಕೋಟ್ಯಧಿಪತಿಗಳ ಪಟ್ಟಿಯೂ ಶುರುವಾಯಿತು.

1990ರಲ್ಲಿ ಮಾಲ್ಕಮ್ ತೀರಿಕೊಂಡರು, ಹಿರಿಯ ಮಗ ಸ್ಟೀವ್ ಬಂದರು. 1996 ಮತ್ತು 2000ರಲ್ಲಿ ಅವರು ಅಮೆರಿಕದ ಅಧ್ಯಕ್ಷ ಹುದ್ದೆಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ ಬಯಸಿದರು, ಸಿಗಲಿಲ್ಲ. ಅಷ್ಟರಲ್ಲಿ ಇಂಟರ್ನೆಟ್ ಬಂದು ಅಚ್ಚಿನ ಜಾಹೀರಾತು ಕಡಿಮೆಯಾಗತೊಡಗಿತು. 2004ರಲ್ಲಿ ಫ್ಯಾಬರ್ಜೆ ಮೊಟ್ಟೆಗಳು ರಷ್ಯಾದ ಉದ್ಯಮಿ ವಿಕ್ಟರ್ ವೆಕ್ಸೆಲ್‌ಬರ್ಗ್ ಕೈಸೇರಿದವು. 2006ರಲ್ಲಿ ಹೊರಗಿನ ಹೂಡಿಕೆದಾರರು ಪಾಲು ಕೊಂಡರು. ನ್ಯೂಯಾರ್ಕಿನ ಐದನೇ ಅವೆನ್ಯೂದಲ್ಲಿದ್ದ ಪತ್ರಿಕೆಯ ಕಟ್ಟಡವೂ ಮಾರಾಟವಾಯಿತು. 2010ರ ನಂತರ ಜಾಲತಾಣಕ್ಕೆ ಸಾವಿರಾರು ಹೊರಗಿನ ಲೇಖಕರನ್ನು ಬರೆಯಲು ಬಿಟ್ಟರು. ಓದುಗರು ಹೆಚ್ಚಿದರು, ಆದರೆ ಯಾವುದು ಪತ್ರಿಕೆಯ ವರದಿ, ಯಾವುದು ಹೊರಗಿನವರದ್ದು ಅನ್ನೋ ಗೊಂದಲವೂ ಹೆಚ್ಚಿತು. ಇದು ನನಗೆ ಬೇಸರದ ವಿಷಯ.

2014ರಲ್ಲಿ ಹಾಂಗ್‌ಕಾಂಗಿನ ಇಂಟಿಗ್ರೇಟೆಡ್ ವೇಲ್ ಎಂಬ ಹೂಡಿಕೆ ಗುಂಪು ಕಂಪನಿಯ ಬಹುಪಾಲನ್ನು ಕೊಂಡಿತು. ಸುಮಾರು 97 ವರ್ಷ ಮನೆತನದ ಹಿಡಿತದಲ್ಲಿದ್ದ ಪತ್ರಿಕೆ ಹೊರಗಿನವರದ್ದಾಯಿತು.