ಫೊಂಟೇನ್ಯಾಸ್‌ನಲ್ಲಿ ಈಗಲೂ ಪೋರ್ಚುಗೀಸರೇ ಇರೋದಾ?

ಗೋವಾದ ಪಣಜಿಯಲ್ಲಿ ಪೋರ್ಚುಗೀಸ್ ರೀತಿಯ ಬಣ್ಣಬಣ್ಣದ ಮನೆಗಳಿರುವ ಹಳೇ ಕೇರಿ ಫೊಂಟೇನ್ಯಾಸ್. ಅಲ್ಲಿ ಬಾಡಿಗೆಗಿದ್ದೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ಉತ್ತರ ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇಲ್ಲ. ನನ್ನ ಅಕ್ಕಪಕ್ಕದವರು ಕೊಂಕಣಿ ಮಾತಾಡುವ ಗೋವಾದವರು.

ಪೋರ್ಚುಗೀಸರ ಆಳ್ವಿಕೆ 1961ರ ಡಿಸೆಂಬರ್ 19ಕ್ಕೇ ಮುಗಿಯಿತು. ‘ಆದ್ರೂ ಕಟ್ಟಿದ್ದು ಅವರೇ ತಾನೇ?’ ಅಂತ ಮತ್ತೆ ಕೇಳುತ್ತಾರೆ. 18ನೇ ಶತಮಾನದಲ್ಲಿ ಇದು ತೆಂಗಿನ ತೋಟ. ಕೇರಿ ಶುರು ಮಾಡಿದವರು ಅಂತೋನಿಯೋ ಜುವಾಂವ್ ದೆ ಸಿಕೇರಾ. ಹೆಸರು ನೋಡಿ ಮೋಸಹೋಗಬೇಡಿ. ಅವರು ಮೊಜಾಂಬಿಕ್‌ಗೆ ಹೋಗಿ ಬಂದ ಗೋವಾದವರು. ಜನ ಅವರನ್ನು ಕರೆದದ್ದು ‘ಮೊಸ್ಮಿಕಾರ್’ ಅಂತ. ಆ ‘ಕಾರ್’ ಕೊಂಕಣಿಯದು ಅಂತ ಕಾರವಾರದವರಿಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಗೋಡೆಗೆ ಕೆರೆದು ನೋಡಿ. ಹಳದಿ, ನೀಲಿ ಬಣ್ಣದ ಕೆಳಗೆ ಇರುವುದು ನಮ್ಮ ಕರಾವಳಿಯದೇ ಕೆಂಪು ಮುರಕಲ್ಲು. ಹಳೇ ಕಿಟಕಿಗಳಲ್ಲಿ ಗಾಜಿನ ಬದಲು ತೆಳು ಕಪ್ಪೆಚಿಪ್ಪು. ಮಾಡಿನ ಮೇಲೆ ಮಂಗಳೂರು ಹೆಂಚು! 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಗೋವಾಕ್ಕೂ ಬಂತು. ಅದರ ಫೋಟೋ ತೆಗೆದು ‘ಥೇಟ್ ಯುರೋಪ್’ ಅಂತ ಹಾಕುವವರು ಮಂಗಳೂರಿನವರೇ ಇದ್ದಾರೆ. ಬಾಲ್ಕನಿ, ಬೀದಿ ಹೆಸರು, ನೀಲಿ ಚಿತ್ರದ ಟೈಲ್ಸ್ ಪೋರ್ಚುಗೀಸರ ರೀತಿಯವು, ಒಪ್ಪಿದೆ. ಅವರ ಅಧಿಕಾರಿಗಳೂ ಇಲ್ಲಿದ್ದರು. ಅಷ್ಟಕ್ಕೆ ಇಡೀ ಕೇರಿ ಅವರದಾಗುತ್ತಾ?

ಗೊಂದಲಕ್ಕೆ ಇನ್ನೊಂದು ಕಾರಣ ಪಾಸ್‌ಪೋರ್ಟ್. 1961ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದವರು, ಅವರ ಮಕ್ಕಳು ಪೋರ್ಚುಗಲ್‌ನ ಪೌರತ್ವ ಪಡೆಯಬಹುದು. ಹಾಗೆ ಪಡೆದು ಲಂಡನ್, ಲಿಸ್ಬನ್ ಸೇರಿದವರು ಜಾಸ್ತಿ. ಊರಲ್ಲಿ ಮನೆಗೆ ಬೀಗ. ಒಂದು ಮನೆಗೆ ಎಂಟು ವಾರಸುದಾರರು, ಎಂಟೂ ಜನ ಎಂಟು ಕಡೆ. ಹಾಗಾಗಿ ಬಾಡಿಗೆ ಮನೆ ಬೇಕು ಅಂತ ನನಗೆ ಬರೆಯುವವರು ತಾಳ್ಮೆ ಇಟ್ಟುಕೊಳ್ಳಿ.

ಸಿಕ್ಕರೆ ಅನುಕೂಲವೇನೋ ಇದೆ. ಊರೆಂ ತೋಡಿನ ಸೇತುವೆ ದಾಟಿದರೆ ಕದಂಬ ಬಸ್ ನಿಲ್ದಾಣ. ಕಾರು ನಿಲ್ಲಿಸಲು ಮಾತ್ರ ಜಾಗವಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆಗೆ ಪಾಚಿ. ಮತ್ತೆ ಬಣ್ಣ ಹೊಡೆಸಬೇಕು, ಸುಂದರವಾಗಿ ಕಾಣಲಿ ಅಂತಲ್ಲ, ಗೋಡೆ ಉಳಿಯಲಿ ಅಂತ. ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದರೆ ನನ್ನ ಮೆಟ್ಟಿಲ ಮೇಲೆ ಯಾರದೋ ಮದುವೆ ಫೋಟೋಶೂಟ್.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಇಲ್ಲಿನ ಮುಖ್ಯ ಬೀದಿ ರುವಾ 31 ದಿ ಜನೈರೊ, ಅಂದರೆ ಜನವರಿ 31ರ ಬೀದಿ. ಸ್ಪೇನ್‌ನಿಂದ ಪೋರ್ಚುಗಲ್‌ಗೆ ಸ್ವಾತಂತ್ರ್ಯ ಸಿಕ್ಕ ದಿನ ಅಂತ ಬಂದವರಿಗೆಲ್ಲ ಹೇಳುತ್ತಾರೆ. ಅದು 1640ರ ಡಿಸೆಂಬರ್ 1. ಜನವರಿ 31 ಬೇರೆಯೇ ಕಥೆ. 1891ರ ಆ ದಿನ ಪೋರ್ಟೊ ನಗರದಲ್ಲಿ ರಾಜನ ವಿರುದ್ಧ ದಂಗೆ ಎದ್ದಿತ್ತು. ಪೋರ್ಚುಗಲ್‌ನ ಎಷ್ಟೋ ಊರುಗಳಲ್ಲಿ ಅದರ ನೆನಪಿಗೆ ಇದೇ ಹೆಸರಿನ ಬೀದಿಗಳಿವೆ. ದಂಗೆ ಅವತ್ತೇ ಸೋತಿತು. ರಾಜ ಹೋಗಿದ್ದು 1910ರಲ್ಲಿ.