ಒಂದು ಗುಂಡಿನಿಂದ ಎರಡು ಗುಂಡಿನ ತನಕ

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುವುದು ಹಳೆಯ ಪದ್ಧತಿ. ಸಾವಾದರೆ ಎರಡು. ಗುಡ್ಡದಾಚೆಯ ಗದ್ದೆಯಲ್ಲಿ ನಾಟಿ ನೆಡುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ಎಣಿಸುತ್ತಿದ್ದರಂತೆ. ಒಂದಕ್ಕೇ ನಿಂತರೆ ನಕ್ಕು ಮತ್ತೆ ಬಾಗುವುದು, ಎರಡಾದರೆ ಕೆಸರು ತೊಳೆದುಕೊಂಡು ಹೊರಡುವುದು. ಹುಟ್ಟಿದ ಗಂಡುಕೂಸಿನ ಕೈಗೆ ಹರಳುಗಿಡದ ಕಡ್ಡಿ ಬಾಗಿಸಿ ಮಾಡಿದ ಪುಟ್ಟ ಬಿಲ್ಲು, ಎಲೆಯ ತೊಟ್ಟಿನ ಬಾಣ ಕೊಡುತ್ತಿದ್ದರು. ತಾನು ಯಾಕೆ ಹುಟ್ಟಿದೆ ಎಂಬುದಕ್ಕೆ ಉತ್ತರ ಮಗುವಿಗೆ ಮೊದಲೇ ಸಿಕ್ಕಿಬಿಡುತ್ತಿತ್ತು. ಪ್ರಶ್ನೆ ಕೇಳಲು ಆಮೇಲೆ ಪುರುಸೊತ್ತಾಗುತ್ತಿರಲಿಲ್ಲ.

ಈಗ ಪುರುಸೊತ್ತಾಗಿದೆ. ಸಾವಿನ ನಂತರದ ಮಾದ ಎಂಬ ತಿಥಿಯ ಊಟಕ್ಕೆ ಕುಳಿತವರ ನಡುವೆ ಇದೇ ಮಾತು. ಕೈಮಡದಲ್ಲಿ, ಅಂದರೆ ಮನೆತನದ ಹಿರಿಯರ ಗುಡಿಯಲ್ಲಿ, ಅವರಿಗೆ ಮಾಂಸ, ಮದ್ಯ ಇಡುವುದು ಸರಿಯೇ ಎಂದು ಶುರುವಾದ ಚರ್ಚೆ, ಅನ್ನ ಬಡಿಸುವಷ್ಟರಲ್ಲಿ ಮನುಷ್ಯ ಹುಟ್ಟಿದ್ದು ಮೋಕ್ಷಕ್ಕೋ ಮನೆತನಕ್ಕೋ ಎಂಬಲ್ಲಿಗೆ ಬಂದಿರುತ್ತದೆ. ಧ್ಯಾನ ಶಿಬಿರಕ್ಕೆ ಹೋಗಿ ಬಂದ ಚಿಕ್ಕಪ್ಪ ಒಂದು ಹೇಳುತ್ತಾರೆ. ಜೀವಶಾಸ್ತ್ರ ಓದುವ ಮೊಮ್ಮಗಳು, ಯಾವುದಕ್ಕೂ ಅಲ್ಲ, ಸುಮ್ಮನೆ ಹುಟ್ಟಿದ್ದು ಎನ್ನುತ್ತಾಳೆ. ಅಜ್ಜ ಇಬ್ಬರನ್ನೂ ನೋಡಿ, ಮೊದಲು ಊಟ ಮಾಡಿ ಎನ್ನುತ್ತಾರೆ. ಮೂವರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇವೆ ಎಂದುಕೊಂಡಿರುವುದರಿಂದಲೇ ಈ ಗೋಜಲು. ಆ ಉತ್ತರಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ಈ ಬೆಟ್ಟ ಹತ್ತಿ ಬಂದವು.

ಮೊದಲು ಬಂದವರು ಯಾರೆಂದು ಹೇಳುವುದು ಕಷ್ಟ, ಕಲ್ಲಿನಲ್ಲಿ ಬರೆಸಿದವರಲ್ಲಿ ಜೈನರು ಮುಂದು. ಶನಿವಾರಸಂತೆಯ ಕಡೆ ಬೆಳೆದ ನನ್ನಂಥವರಿಗೆ ಮುಳ್ಳೂರಿನ ಬಸದಿಗಳು ಶಾಲೆಯ ಪ್ರವಾಸಕ್ಕೂ ದನ ಹುಡುಕಲು ಹೋದಾಗ ಮಳೆಗೆ ನಿಲ್ಲಲೂ ಇದ್ದ ಜಾಗ. ಕೊಂಗಾಳ್ವ ಅರಸರ ಕಾಲದ, ಅಂದರೆ 11ನೇ ಶತಮಾನದ ಆ ಕಲ್ಲುಗಳು ಹೇಳುವುದು ಇಷ್ಟು: ಜೀವಕ್ಕೆ ಕರ್ಮದ ಕೊಳೆ ಅಂಟಿದೆ, ಅದನ್ನು ತೊಳೆದುಕೊಂಡು ಹಗುರಾಗಿ ಹೋಗಲಿಕ್ಕೇ ಈ ಜನ್ಮ. ಅಲ್ಲಿಂದ ಕೊಡಗನ್ನಾಳಿದ ಹಾಲೇರಿಯ ಲಿಂಗಾಯತ ಅರಸರವರೆಗೆ ಐನೂರು ವರ್ಷ, ಅವರ ಆಳ್ವಿಕೆ 1834ರಲ್ಲಿ ಮುಗಿಯುವವರೆಗೆ ಇನ್ನೂ ಇನ್ನೂರು ಚಿಲ್ಲರೆ. ಕಾಯಕವೇ ಕೈಲಾಸ ಎಂಬ ಮಾತು ಆ ಕಾಲಕ್ಕೆ ಮಠಗಳ ಜೊತೆ ಬಂತು. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ರೈಸ್ತರಿಗೆ ಹಾಲೇರಿಯ ಅರಸ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟು, 1792ರಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮ ಚರ್ಚ್ ಎದ್ದಾಗ ಮತ್ತೊಂದು ಉತ್ತರ ಸೇರಿತು. ಎಮ್ಮೆಮಾಡಿನ ದರ್ಗಾದ ಉರೂಸಿಗೆ ಹಿಂದೂಗಳೂ ಹರಕೆ ಹೊತ್ತು ಹೋಗುತ್ತಾರೆ. ಅಲ್ಲಿ ಯಾರೂ ಈ ಪ್ರಶ್ನೆ ಕೇಳುವುದಿಲ್ಲ, ಕೇಳುವುದು ಮಗುವಿನ ಜ್ವರ ಇಳಿಯಲಿ ಎಂದು.

ಇವೆಲ್ಲದರ ಕೆಳಗೆ, ಗ್ರಂಥವಿಲ್ಲದೆ, ಗುರುಪೀಠವಿಲ್ಲದೆ ನಡೆದುಕೊಂಡು ಬಂದದ್ದು ಒಕ್ಕದ ಉತ್ತರ. ಒಕ್ಕವೆಂದರೆ ಒಂದೇ ಮೂಲಪುರುಷನ ಮನೆತನ. ಅದಕ್ಕೊಂದು ಐನ್‌ಮನೆ ಎಂಬ ಮೂಲಮನೆ, ಅದರ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುವ ದೀಪ, ಹತ್ತಿರದಲ್ಲಿ ಮೂಲಪುರುಷ ಗುರುಕಾರೋಣನ ಕೈಮಡ. ಕಾರಣಂಗ್ ಕೊಡ್ಪ ಎಂದರೆ ಹಿರಿಯರಿಗೆ ಕೊಡುವುದು. ಬಾಳೆಲೆಯ ಮೇಲೆ ಅನ್ನ, ಕೋಳಿ, ಪಕ್ಕದಲ್ಲಿ ಮದ್ಯ. ಬಡಿಸಿದವರು ಹಿಂದೆ ಸರಿದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಊಟ ಮಾಡುವವರನ್ನು ದಿಟ್ಟಿಸಿ ನೋಡಬಾರದು ಎಂಬ ಸೌಜನ್ಯ ಸತ್ತವರ ವಿಷಯದಲ್ಲೂ ಇದೆ ಎಂದು ನನಗೆ ಅನ್ನಿಸಿದ್ದು ಅಲ್ಲಿಯೇ.

ಈ ಲೆಕ್ಕದಲ್ಲಿ ಮನುಷ್ಯ ಹುಟ್ಟುವುದು ತನಗಾಗಿ ಅಲ್ಲ. ಹಿಂದಿನವರಿಂದ ಪಡೆದದ್ದನ್ನು ಮುಂದಿನವರಿಗೆ ದಾಟಿಸಲು, ಕೊನೆಗೆ ತಾನೂ ಆ ಎಲೆಗೆ ಬರುವವರಲ್ಲಿ ಒಬ್ಬನಾಗಲು. ಗಂಡು ಸಂತತಿ ಇಲ್ಲದೆ ಒಕ್ಕ ಅಳಿಯುವ ಹೊತ್ತು ಬಂದರೆ ಮಗಳ ಮಕ್ಕಳು ತಾಯಿಯ ಒಕ್ಕಕ್ಕೇ ಸೇರುವಂತೆ ಮದುವೆ ಮಾಡುವ ಒಕ್ಕಪರಿಜೆ, ಮಕ್ಕಪರಿಜೆ ಎಂಬ ಕ್ರಮಗಳಿದ್ದವು. ದೀಪ ಆರಬಾರದು, ಅಷ್ಟೇ. ಬದುಕಿನಲ್ಲಿ ಏನು ಮಾಡಿದರೆ ಸಾರ್ಥಕ ಎನ್ನುವುದಕ್ಕೂ ಗೊಂದಲವಿರಲಿಲ್ಲ: ಹೊಸ ಮನೆ ಕಟ್ಟಿದವನಿಗೆ ಮಂಗಲ ಎಂಬ ಗೌರವದ ಸಮಾರಂಭ, ಹತ್ತು ಮಕ್ಕಳನ್ನು ಹೆತ್ತ ತಾಯಿಗೆ ಮಂಗಲ, ಹುಲಿ ಕೊಂದವನಿಗೆ ನರಿ ಮಂಗಲ. (ಕನ್ನಡ ಓದುಗರು ನಗಬೇಕಾಗಿಲ್ಲ, ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿ.) ಹಾಡುಗಳು ಕೂಡ ಶುರುವಾಗುವುದು ಬಾಳೊ ಬಾಳೊ ಎಂದೇ. ಬಾಳು ಎಂದು ಹೇಳಿದ್ದಾರೆ, ಯಾಕೆ ಬಾಳಬೇಕು ಎಂಬುದನ್ನು ಹಾಡಿಗೆ ಸೇರಿಸಿಲ್ಲ.

ಆದರೆ ಈ ಉತ್ತರಕ್ಕೆ ಒಂದು ಬೇಲಿ ಇತ್ತು. ಜಮ್ಮಾ ಜಮೀನು ಎನ್ನುತ್ತೇವಲ್ಲ, ಆ ಜಮ್ಮಾ ಜನ್ಮದಿಂದ ಬಂದ ಪದ, ಹುಟ್ಟಿನಿಂದ ಬಂದ ಹಕ್ಕು. ಅದೇ ಪದ ಬೇಲಿಯ ಆಚೆಗೂ ಇತ್ತು. ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು ಎಂದು ಹೊಲೆಯರಲ್ಲಿ ಎರಡು ಬಗೆ. ಒಬ್ಬ ಜಮೀನಿಗೆ ಸೇರಿದವನು, ಇನ್ನೊಬ್ಬ ಮನೆತನಕ್ಕೆ ಸೇರಿದವನು. ಒಬ್ಬನಿಗೆ ಹುಟ್ಟು ಹಕ್ಕು ಕೊಟ್ಟಿತು, ಮತ್ತೊಬ್ಬನಿಗೆ ಹಗ್ಗ ಕೊಟ್ಟಿತು. ಬೇರೆಯವರ ದೀಪಕ್ಕೆ ಎಣ್ಣೆ ಹೊಯ್ಯಲು ಹುಟ್ಟಿದ್ದೀ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. 1853ರಲ್ಲಿ ಕೊಡಗಿಗೆ ಬಂದ ಬಾಸೆಲ್ ಮಿಷನ್ನಿನ ಕ್ರೈಸ್ತ ಪಾದ್ರಿ ಹರ್ಮನ್ ಮೋಗ್ಲಿಂಗ್, ಅಮ್ಮತ್ತಿಯ ಬಳಿ ಆನಂದಪುರ ಎಂಬ ನೆಲೆ ಕಟ್ಟಿದಾಗ ಅಲ್ಲಿ ಸೇರಿದವರು ಮುಖ್ಯವಾಗಿ ಈ ಆಳುಗಳೇ. ಅವರು ಅರಸಿದ್ದು ಸ್ವರ್ಗವನ್ನೋ ಸ್ವಂತ ಹೆಸರನ್ನೋ ಎಂದು ಈಗ ಬೇರ್ಪಡಿಸಿ ನೋಡುವುದರಲ್ಲಿ ಅರ್ಥವಿಲ್ಲ.

ಕುರುಬರು, ಯರವರು ಬೇರೆಯೇ ದಾರಿ ಹಿಡಿದರು. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬ ನೋಡಿದವರಿಗೆ ಇದು ಗೊತ್ತು. ತಮ್ಮನ್ನು ಬೇಟೆಗೆ ಕರೆದುಕೊಂಡು ಹೋದ ಅಯ್ಯಪ್ಪ ನಡುಕಾಡಿನಲ್ಲಿ ಭದ್ರಕಾಳಿಯ ಹಿಂದೆ ಹೋಗಿ ತಮ್ಮ ಕೈಬಿಟ್ಟ ಎಂಬುದು ಕಥೆ. ಆದ್ದರಿಂದ ವರ್ಷಕ್ಕೊಂದು ದಿನ ಗಂಡಸರು ಹೆಂಗಸರ ವೇಷ ಹಾಕಿ, ಡಬ್ಬ ಬಡಿಯುತ್ತ, ಆ ದೇವರನ್ನೂ ದಾರಿಯಲ್ಲಿ ಸಿಕ್ಕ ಧಣಿಯನ್ನೂ ಬಾಯಿಗೆ ಬಂದಂತೆ ಬೈದು ಕಾಸು ವಸೂಲು ಮಾಡುತ್ತಾರೆ. ದೇವರ ಉದ್ದೇಶ ಏನಿತ್ತು ಎಂದು ತಲೆ ಕೆಡಿಸಿಕೊಳ್ಳದೆ, ನೀನು ಹೇಳಿದ ಮಾತಿಗೆ ನಿಲ್ಲಲಿಲ್ಲ ಎಂದು ಜಗಳ ತೆಗೆಯುವ ತತ್ತ್ವಶಾಸ್ತ್ರ ನನಗಂತೂ ಬೇರೆಲ್ಲೂ ಕಂಡಿಲ್ಲ.

20ನೇ ಶತಮಾನದ ಮೊದಲ ಅರ್ಧದಲ್ಲಿ ಪ್ರಶ್ನೆಯೇ ಬದಲಾಯಿತು. ಕಾಫಿಯ ದುಡ್ಡು, ಇಂಗ್ಲಿಷ್ ಶಾಲೆ, ಸೈನ್ಯದ ನೌಕರಿ ಇವುಗಳ ಜೊತೆಗೆ ವೇದಾಂತವೂ ಮನೆಯೊಳಗೆ ಬಂತು. 1927ರಲ್ಲಿ ಪೊನ್ನಂಪೇಟೆಯಲ್ಲಿ ರಾಮಕೃಷ್ಣ ಆಶ್ರಮ ಆರಂಭವಾಯಿತು. ತನ್ನ ಮುಕ್ತಿಗಾಗಿ ಮತ್ತು ಜಗತ್ತಿನ ಹಿತಕ್ಕಾಗಿ ಎಂಬುದು ಆ ಸಂಸ್ಥೆಯ ಧ್ಯೇಯ. ವಿರಾಜಪೇಟೆಯ ಕಾವೇರಿ ಆಶ್ರಮದ ಅಪ್ಪಯ್ಯ ಸ್ವಾಮಿಗಳು ಕೊಡವರ ನಡುವಿನಿಂದಲೇ ಎದ್ದು ಭಕ್ತಿಯ ದಾರಿ ತೋರಿದರು. ಒಳ್ಳೆಯದೇ ಆಯಿತು, ಎಷ್ಟೋ ಮನೆಗಳಲ್ಲಿ ಕುಡಿತ ಕಡಿಮೆಯಾಯಿತು ಎನ್ನುವವರಿದ್ದಾರೆ. ಆದರೆ ಮುಕ್ತಿ ಒಕ್ಕಕ್ಕೆ ಸಿಗುವ ವಸ್ತುವಲ್ಲ. ಅದು ಒಬ್ಬೊಬ್ಬರಿಗೇ. ಯಾರಿಗಾಗಿ ಬದುಕಬೇಕು ಎಂದು ಕೇಳುತ್ತಿದ್ದವರು ನಾನು ಯಾಕೆ ಬದುಕಬೇಕು ಎಂದು ಕೇಳತೊಡಗಿದರು.

ಇದನ್ನು ಹತ್ತಿರದಿಂದ ನೋಡಿದವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1940ರ ದಶಕದ ಆರಂಭದಲ್ಲಿ ಇಲ್ಲಿ ಓಡಾಡಿ ಅವರು ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಬರೆದ ಪುಸ್ತಕ 1952ರಲ್ಲಿ ಬಂತು. ಸಂಸ್ಕೃತೀಕರಣ, ಅಂದರೆ ಮೇಲಿನವರೆನಿಸಿಕೊಂಡ ಜಾತಿಗಳ ಆಚಾರವಿಚಾರಗಳನ್ನು ಉಳಿದವರು ತಮ್ಮದಾಗಿಸಿಕೊಳ್ಳುವುದು, ಎಂಬ ಪದ ಹೆಸರಾದದ್ದು ಅದರಿಂದ. ಕಾಲೇಜಿನಲ್ಲಿ ಆ ಪದವನ್ನು ಪರೀಕ್ಷೆಗೆ ಬಾಯಿಪಾಠ ಮಾಡುವ ನಮ್ಮ ಮಕ್ಕಳಿಗೆ ಅದರ ಒಂದು ಬೇರು ತಮ್ಮ ಊರಿನ ಕೈಮಡದಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ತೊಡಕು ಸರಳವಾದದ್ದು: ಸತ್ತ ಅಜ್ಜ ಕರ್ಮಕ್ಕೆ ತಕ್ಕಂತೆ ಮರುಹುಟ್ಟು ಪಡೆದಿದ್ದರೆ ಎಲೆಗೆ ಬರುವವರು ಯಾರು? ಶ್ರಾದ್ಧ ಮಾಡುವವರಿಗೂ ಈ ತೊಡಕು ಇದ್ದದ್ದೇ, ಅವರ ಶಾಸ್ತ್ರದಲ್ಲಿ ಅದಕ್ಕೆ ಪರಿಹಾರ ಬರೆದಿಟ್ಟಿದ್ದಾರೆ. ಇಲ್ಲಿ ಬರೆದಿಟ್ಟವರಿಲ್ಲ. ಹಾಗಾಗಿ ಕೆಲವರು ಕೋಳಿಯ ಬದಲು ಹಣ್ಣು ಇಟ್ಟರು, ಕೆಲವರು ಎರಡನ್ನೂ ಇಟ್ಟರು, ಕೆಲವರು ಬಾಗಿಲು ಹಾಕಿ ಬೆಂಗಳೂರಿಗೆ ಹೋದರು. ಯಾರನ್ನೂ ದೂರುವಂತಿಲ್ಲ.

1961ರಲ್ಲಿ ಕುಶಾಲನಗರದ ಹೊಳೆಯಾಚೆ ಬೈಲುಕುಪ್ಪೆಯಲ್ಲಿ ಟಿಬೆಟಿನವರು ನೆಲೆಯಾದರು. ಅಲ್ಲಿ ಎಳೆಯ ಭಿಕ್ಷುಗಳು ಅಂಗಳದಲ್ಲಿ ನಿಂತು, ಕಾಲು ಅಪ್ಪಳಿಸಿ, ಚಪ್ಪಾಳೆ ಹೊಡೆದು ವಾದ ಮಾಡುತ್ತಾರೆ. ಮನುಷ್ಯಜನ್ಮ ದುರ್ಲಭ, ಅದನ್ನು ಸಕಲ ಜೀವಿಗಳ ಬಿಡುಗಡೆಗೆ ಬಳಸು ಎಂಬುದು ಅವರ ಪಾಠ. ಆದರೆ ಜಗತ್ತಿಗೆ ಕೊನೆಯುಂಟೇ ಎಂಬಂಥ ಪ್ರಶ್ನೆಗಳಿಗೆ ಬುದ್ಧ ಕೊಟ್ಟದ್ದು ಬಾಣದ ಕಥೆ. ವಿಷದ ಬಾಣ ನಾಟಿದವನು, ಹೊಡೆದವನ ಕುಲ ಯಾವುದು, ಬಿಲ್ಲು ಯಾವ ಮರದ್ದು ಎಂದು ವಿಚಾರಿಸುತ್ತ ಕುಳಿತರೆ ಸಾಯುತ್ತಾನೆ. ಮೊದಲು ಕೀಳಿಸಿಕೊ. ಹೊಳೆಯ ಈಚೆ ಬಾಣವನ್ನು ಕೈಗೆ ಕೊಟ್ಟು ಬದುಕು ಶುರುಮಾಡಿಸುತ್ತಿದ್ದರು, ಆಚೆ ಕೀಳುವುದನ್ನು ಕಲಿಸುತ್ತಾರೆ. ನಡುವೆ ಸೇತುವೆ ಇದೆ, ಬಸ್ಸಿನಲ್ಲಿ ಕೆಲವೇ ನಿಮಿಷ.

ಮೊಮ್ಮಗಳ ಉತ್ತರವೂ ಹೊಸತಲ್ಲ. ಡಾರ್ವಿನ್ನನ ಗ್ರಂಥ 1859ರದ್ದು. ಮನುಷ್ಯ ಮೊದಲು ಇರುತ್ತಾನೆ, ಯಾತಕ್ಕೆ ಎಂಬುದನ್ನು ಆಮೇಲೆ ತಾನೇ ಮಾಡಿಕೊಳ್ಳುತ್ತಾನೆ ಎಂದು ಫ್ರೆಂಚ್ ತತ್ತ್ವಜ್ಞಾನಿ ಸಾರ್ತ್ರ್ ಪ್ಯಾರಿಸಿನಲ್ಲಿ ಉಪನ್ಯಾಸ ಕೊಟ್ಟದ್ದು 1945ರಲ್ಲಿ. ಹರಳುಗಿಡದ ಬಿಲ್ಲಿಗೆ ಇದಕ್ಕಿಂತ ನೇರವಾದ ಎದುರುಮಾತು ಸಿಗದು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಇಳಿದುಬಂದವು. 2020ರಲ್ಲಿ ತಲಕಾವೇರಿಯ ಅರ್ಚಕರ ಮನೆಯ ಮೇಲೂ ಬೆಟ್ಟ ಕುಸಿಯಿತು. ಕಾವೇರಮ್ಮನ ಮುನಿಸು ಎಂದವರು, ಮಳೆ ಮತ್ತು ಮಣ್ಣಿನ ಲೆಕ್ಕ ಹೇಳಿದವರು, ಎಲ್ಲ ಮಾಯೆ ಎಂದವರು ಒಂದೇ ಪರಿಹಾರ ಕೇಂದ್ರದ ಚಾಪೆಯ ಮೇಲೆ ಮಲಗಿದರು. ತೋಟ, ಮನೆ ಹೋದವರ ಬಾಯಲ್ಲಿ ನಾನು ಕೇಳಿದ್ದು ಮಾತ್ರ ಹಳೆಯ ಪ್ರಶ್ನೆಯನ್ನು: ಇನ್ನು ಮಕ್ಕಳಿಗೆ ಏನು ಬಿಟ್ಟುಹೋಗುವುದು?

ಒಕ್ಕ ಮುಗಿಯಿತು ಎಂದು ಬರೆಯುವವರು ಹಾಕಿ ಮೈದಾನಕ್ಕೆ ಹೋಗಿ ನೋಡಲಿ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಮನೆತನಗಳ ಹಾಕಿ ಪಂದ್ಯಾವಳಿಗೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಬಂದವು. ಅಂಗಿಯ ಮೇಲೆ ಮನೆತನದ ಹೆಸರು, ಕೆಲವು ತಂಡಗಳಲ್ಲಿ ಅಜ್ಜನೂ ಮೊಮ್ಮಗನೂ ಒಟ್ಟಿಗೆ. ಹುಡುಗಿಯರೂ ಆಡುತ್ತಾರೆ.

ಈಚೆಗೆ ಗೋಣಿಕೊಪ್ಪದ ಕಡೆಯ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಮೈಸೂರಿನ ಆಸ್ಪತ್ರೆಯಲ್ಲಿ ಮಗಳಿಗೆ ಹೆಣ್ಣುಮಗುವಾಗಿ, ಆ ದಿನ ಮನೆಗೆ ಕರೆತರುವವರಿದ್ದರು. ಅಜ್ಜ ಜಗುಲಿಯಲ್ಲಿ ಕುಳಿತು ಹಿತ್ತಿಲಿನ ಹರಳುಗಿಡದ ಕಡ್ಡಿಯೊಂದನ್ನು ಸವರುತ್ತಿದ್ದರು. ಹೆಣ್ಣಿಗೆ ಬಿಲ್ಲು ಕೊಡುವುದು ಎಲ್ಲಿಯಾದರೂ ಉಂಟೇ ಎಂದು ಒಳಗಿನಿಂದ ಅಜ್ಜಿ ಕೇಳಿದರು. ಕಡ್ಡಿ ಒಣಗಿದ್ದರೆ ಬಾಗುವುದಿಲ್ಲ, ಇನ್ನೊಂದು ಹಸಿಯದು ತಾ ಎಂದು ಅವರು ನನ್ನನ್ನೇ ಹಿತ್ತಿಲಿಗೆ ಕಳುಹಿಸಿದರು.