ಗುಂಪಿನೊಳಗಿನ ಅಪರಿಚಿತ ಅಂಬರಗುಬ್ಬಿ

ಉತ್ತರ ಅಮೆರಿಕದಲ್ಲಿ ಮರಿಮಾಡಿ ದಕ್ಷಿಣ ಅಮೆರಿಕದಲ್ಲಿ ಚಳಿಗಾಲ ಕಳೆಯುವ ಕ್ಲಿಫ್ ಸ್ವಾಲೋ ಎಂಬ ಅಂಬರಗುಬ್ಬಿ, ವಲಸೆಯ ನಡುವೆ ದಾರಿ ತಪ್ಪಿ ಅಟ್ಲಾಂಟಿಕ್ ಸಾಗರವನ್ನೇ ದಾಟುವುದುಂಟು. ಬ್ರಿಟನ್ನಿನಲ್ಲಿ ಅದು ಮೊದಲು ದಾಖಲಾದದ್ದು 1983ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ನೈಋತ್ಯ ತುದಿಯಾಚೆಯ ಸಿಲಿ ದ್ವೀಪಗಳಲ್ಲಿ. ಇಂಥ ಅತಿಥಿ ಸ್ಥಳೀಯ ಸ್ವಾಲೋಗಳ ಗುಂಪಿನಲ್ಲಿ ಸೇರಿಕೊಂಡು ಕೀಟ ಬೇಟೆಯಾಡುತ್ತಿದ್ದರೆ ಅದನ್ನು ಗುರುತಿಸುವುದು ಹೇಗೆ?

ಮೊದಲು ಕಣ್ಣಿಗೆ ಬೀಳುವುದು ಸೊಂಟದ, ಅಂದರೆ ಬೆನ್ನು ಮುಗಿದು ಬಾಲ ಶುರುವಾಗುವ ಜಾಗದ ಮೇಲಿನ ಮಾಸಲು ಕಿತ್ತಳೆ ಪಟ್ಟಿ. ಆದರೆ ಅವಸರದ ತೀರ್ಮಾನಗಳೆಲ್ಲ ಹುಟ್ಟುವುದೂ ಅಲ್ಲಿಯೇ. ಕೆಂಪುಸೊಂಟದ ಅಂಬರಗುಬ್ಬಿಗೂ ಅಂಥದೇ ಪಟ್ಟಿಯಿದೆ. ಅದಕ್ಕೆ ಆಳವಾಗಿ ಸೀಳಿದ ಉದ್ದ ಬಾಲವೂ ಬಾಲದ ಬುಡದಡಿಯಲ್ಲಿ ಶಾಯಿಯಲ್ಲಿ ಅದ್ದಿ ತೆಗೆದಂತಹ ಕಪ್ಪೂ ಇರುತ್ತವೆ. ಅಂಬರಗುಬ್ಬಿಗಳದೇ ಬಳಗದ ಹೌಸ್ ಮಾರ್ಟಿನ್ ಹಕ್ಕಿಯ ಸೊಂಟ ಅಚ್ಚ ಬಿಳಿ, ಗಂಟಲೂ ಬಿಳಿ. ಕ್ಲಿಫ್ ಸ್ವಾಲೋದ ಗಂಟಲು ಗಾಢವರ್ಣದ್ದು, ಬಾಲ ಹೆಚ್ಚುಕಡಿಮೆ ನೇರವಾಗಿ ಕತ್ತರಿಸಿದಂತಿರುತ್ತದೆ. ಬಾಲವನ್ನು ಮಾತ್ರ ಮಡಿಸಿದಾಗಲೇ ನೋಡಬೇಕು: ತಿರುವಿನಲ್ಲಿ ಬಾಲ ಬಿಚ್ಚಿದ ಮಾರ್ಟಿನ್‌ನ ಕವಲು ಮಾಯವಾಗಿ, ಅದೂ ನೇರ ಬಾಲದ ಹಕ್ಕಿಯಂತೆಯೇ ತೋರುತ್ತದೆ.

ನಿಜವಾದ ತೊಡಕು ಮಿಶ್ರತಳಿಗಳದು. ಸಾಮಾನ್ಯ ಅಂಬರಗುಬ್ಬಿಯಾದ ಬಾರ್ನ್ ಸ್ವಾಲೋ ಮತ್ತು ಹೌಸ್ ಮಾರ್ಟಿನ್ ಬೇರೆ ಬೇರೆ ಕುಲಗಳಿಗೆ ಸೇರಿದ್ದರೂ ಯುರೋಪಿನಲ್ಲಿ ಅವು ಕೂಡಿ ಮರಿಮಾಡಿದ ಉದಾಹರಣೆಗಳಿವೆ; ಅಂಥ ಮರಿಯ ಸೊಂಟ ಮಸುಕು ಬಿಳಿಯಾಗಿದ್ದು, ಗಂಟಲಲ್ಲಿ ಕೆಂಗಂದು ಛಾಯೆ ಇಣುಕಬಹುದು. ವರ್ಣದ್ರವ್ಯದ ಕೊರತೆಯಿಂದ ಅಲ್ಲಲ್ಲಿ ಬಿಳಿಗರಿ ಮೂಡಿದ ಬಾರ್ನ್ ಸ್ವಾಲೋ ಕೂಡ ದೂರದಿಂದ ಹೀಗೆಯೇ ಮರುಳುಮಾಡುತ್ತದೆ. ಇವೆಲ್ಲವನ್ನೂ ತಳ್ಳಿಹಾಕಿದ ಮೇಲಷ್ಟೇ ಅಪರೂಪದ ಹೆಸರನ್ನು ಬಾಯಿಗೆ ತರುವುದು ನ್ಯಾಯ. ಆಗ ನೆರವಿಗೆ ಬರುವುದು ಬೆನ್ನಿನ ಮೇಲಿನ ತೆಳು ಬಿಳಿಗೀರುಗಳು ಮತ್ತು ಕುತ್ತಿಗೆಯ ಹಿಂಭಾಗದ ಮಸುಕು ಪಟ್ಟಿ.

ಪ್ರೌಢ ಹಕ್ಕಿಯ ಹಣೆಯ ಕೆನೆಬಣ್ಣದ ಮಚ್ಚೆ ಬಲು ಸೊಗಸಾದ ಗುರುತು, ನಿಜ. ಆದರೆ ಶರತ್ಕಾಲದಲ್ಲಿ ದಾರಿ ತಪ್ಪುವವು ಹೆಚ್ಚಾಗಿ ಆ ವರ್ಷದ ಎಳೆಯ ಹಕ್ಕಿಗಳು, ಅವುಗಳಲ್ಲಿ ಆ ಮಚ್ಚೆ ಸ್ಪಷ್ಟವಾಗಿರುವುದಿಲ್ಲ. ಛಾಯಾಚಿತ್ರವನ್ನೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಪ್ರಖರ ಬಿಸಿಲಿನಲ್ಲಿ ಕಿತ್ತಳೆ ಸೊಂಟವೂ ಬೆಳ್ಳಗೆ ಮೂಡಬಹುದು. ಆದ್ದರಿಂದ ಒಂದೇ ಚಿತ್ರಕ್ಕಿಂತ, ಬೆನ್ನು, ಗಂಟಲು ಮತ್ತು ಮಡಿಸಿದ ಬಾಲ ಮೂರನ್ನೂ ತೋರಿಸುವ ಚಿತ್ರಗಳ ಸರಣಿಯೇ ಹೆಚ್ಚು ಬೆಲೆಯುಳ್ಳ ಸಾಕ್ಷ್ಯ.